ಹಳೆಯ ಜಿಪ್ಸಿ ಕೊಳ್ಳುವಾಗ: ಕಾರ್ಬೊರೇಟರ್ ಕಿಂಗೋ, ಎಂಪಿಎಫ್‌ಐ ಕಿಂಗೋ?

ಕೊಡಗಿನ ತೋಟದ ಶೆಡ್ಡುಗಳಲ್ಲಿ ಇಂದಿಗೂ ಕಾಣಸಿಗುವ ಮಾರುತಿ ಜಿಪ್ಸಿ ಮೂಲತಃ ಜಪಾನಿನ ಸುಜುಕಿ ಜಿಮ್ನಿಯ ವಂಶಕ್ಕೆ ಸೇರಿದ ಗಾಡಿ. 1985ರಲ್ಲಿ 970 ಸಿಸಿ ಎಂಜಿನ್ನಿನೊಡನೆ ಬಂದ ಇದು 1996ರಲ್ಲಿ 1.3 ಲೀಟರ್ ಎಂಜಿನ್ ಪಡೆದು ‘ಜಿಪ್ಸಿ ಕಿಂಗ್’ ಆಯಿತು. 2000ದಲ್ಲಿ, ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಹೋಗಿ, ಪ್ರತಿ ಸಿಲಿಂಡರಿಗೂ ಬೇರೆಬೇರೆಯಾಗಿ ಪೆಟ್ರೋಲು ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆಯಾದ ಎಂಪಿಎಫ್‌ಐ ಬಂತು. ಹೊಸದು ಈಗ ತಯಾರಾಗುವುದಿಲ್ಲವಾದ್ದರಿಂದ, ರ‍್ಯಾಲಿಯ ಹುಚ್ಚಿರುವವರೂ ತೋಟದ ದಾರಿಗೆ ಗಾಡಿ ಬೇಕಾದವರೂ ಈ ಎರಡರ ನಡುವೆಯೇ ಆರಿಸಿಕೊಳ್ಳಬೇಕು.

ಮೊದಲು ಗಾಡಿ ಓಡುವ ದಾರಿಯನ್ನು ನಿರ್ಧರಿಸಿಕೊಳ್ಳಿ. ಕಾರ್ಬೊರೇಟರ್ ಕಿಂಗ್‌ನ ಶಕ್ತಿ ಸುಮಾರು 60 ಅಶ್ವಶಕ್ತಿ, ಎಂಪಿಎಫ್‌ಐನದು ಸುಮಾರು 80. ಸಂಪಾಜೆ ಘಾಟಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಲಾರಿಯೊಂದನ್ನು ಹಿಂದಿಕ್ಕಬೇಕಾದಾಗ ಈ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ. ತೋಟದೊಳಗೇ ಓಡಾಡುವವರಿಗೆ ಅದು ಅಷ್ಟೇನೂ ಮುಖ್ಯವಲ್ಲ.

ಆನಂತರ ಬಾನೆಟ್ ತೆರೆಯುವ ಮೊದಲೇ ಗಾಡಿಯ ಕೆಳಗೆ ನುಸುಳಿ ನೋಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ಎಂಜಿನ್ ರಿಪೇರಿಯಾಗುತ್ತದೆ, ಆದರೆ ನಮ್ಮ ಮಳೆಗಾಲಗಳನ್ನು ಕಂಡ ಚಾಸಿ (ಗಾಡಿಯ ಉಕ್ಕಿನ ಚೌಕಟ್ಟು) ತುಕ್ಕು ಹಿಡಿದರೆ ಬೆಸುಗೆಯ ಮೇಲೆ ಬೆಸುಗೆ ಬೀಳುತ್ತಲೇ ಹೋಗುತ್ತದೆ. ಹಿಂದಿನ ಸ್ಪ್ರಿಂಗ್ ಪಟ್ಟೆಗಳು ಕೂರುವ ಜಾಗ, ಬಾಡಿಯನ್ನು ಚಾಸಿಗೆ ಬಿಗಿದಿರುವ ರಬ್ಬರುಗಳ ಸುತ್ತ ಮತ್ತು ಚಾಲಕನ ಕಾಲಡಿಯ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ಲೋಹ ಠಣ್ ಎನ್ನುತ್ತದೆ. ಒಳಗೆ ತಿಂದುಹೋದದ್ದು ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಕೆಳಭಾಗಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ನನಗಂತೂ ಅನುಮಾನವೇ ಹೆಚ್ಚು.

ಮುಂದಿನ ಚಕ್ರವನ್ನು ಜಾಕಿ ಕೊಟ್ಟು ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ. ಸಡಿಲಾಗಿ ಆಡುತ್ತಿದ್ದರೆ, ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್ ಬೇರಿಂಗ್ ಸವೆದಿರಬಹುದು. ವೇಗದಲ್ಲಿ ಗುಂಡಿಗೆ ಬಿದ್ದೊಡನೆ ಸ್ಟೀರಿಂಗ್ ಗಡಗಡ ನಡುಗುವುದಕ್ಕೆ ಇದೂ ಒಂದು ಕಾರಣ. ಚಕ್ರದ ಒಳಬದಿಯ ಗೋಳದ ಸುತ್ತ ಎಣ್ಣೆ ಬೆರೆತ ಗ್ರೀಸ್ ಇಳಿದಿದ್ದರೆ ಸೀಲ್ ಹೋಗಿದೆ ಎಂದೇ ತಿಳಿಯಬೇಕು.

ಫೋರ್ ವೀಲ್ ಪರೀಕ್ಷೆಯನ್ನು ಮಾತಿನಲ್ಲಿ ಮುಗಿಸಲು ಬಿಡಬೇಡಿ. ಮುಂದಿನ ಚಕ್ರಗಳ ಕೇಂದ್ರದಲ್ಲಿರುವ ಹಬ್ಬುಗಳನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಿ, ಒದ್ದೆ ಮಣ್ಣಿನ ಏರಿನಲ್ಲಿ ಲೋ ಗೇರ್ ಹಾಕಿ ನಿಧಾನವಾಗಿ ಹತ್ತಿಸಿ. ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಶಿಯಲ್ ಇಲ್ಲದ ಗಾಡಿಯಾದ್ದರಿಂದ ಒಣ ಡಾಂಬರಿನ ಮೇಲೆ ಇದನ್ನು ಮಾಡಬಾರದು. ಹಾಕಿದ ಗೇರ್ ತಾನಾಗಿ ಕಳಚಿಕೊಂಡರೆ ಅಥವಾ ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಕಿರುಚಿದರೆ, ಆ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ.

ಇಷ್ಟಾದ ಮೇಲೆ ಎಂಜಿನ್. ಕಾರ್ಬೊರೇಟರಿನದನ್ನು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಲು ಹೋಗಿ; ಬಿಸಿ ಮಾಡಿಟ್ಟ ಗಾಡಿ ಯಾವ ಗುಟ್ಟನ್ನೂ ಬಿಡುವುದಿಲ್ಲ. ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ಕೇ ಬಿಚ್ಚಿ ತೊಳೆದು ಕೊಡಬಲ್ಲನೆಂಬುದು ಇದರ ದೊಡ್ಡ ಗುಣ. ಆದರೆ ಎಥನಾಲ್ ಬೆರೆತ ಈಗಿನ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳಿಗೆ ಹಿತವಲ್ಲವಾದ್ದರಿಂದ ಅವನ್ನು ಬದಲಿಸಿಕೊಳ್ಳಬೇಕು. ಎಂಪಿಎಫ್‌ಐನಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪನ್ನು ಆಲಿಸಿ, ಡ್ಯಾಶ್‌ಬೋರ್ಡಿನಡಿ ವೈರಿಂಗ್ ಒದ್ದೆಯಾಗಿತ್ತೇ ಎಂದು ನೋಡಿ. ಕ್ಯಾನ್ವಾಸ್ ಮೇಲ್ಛಾವಣಿಯ ಗಾಡಿಗಳಲ್ಲಿ ಇದು ಸಾಮಾನ್ಯ ತೊಂದರೆ. ಎರಡರಲ್ಲೂ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂಬ ದಾಖಲೆ ಇಲ್ಲದಿದ್ದರೆ ಹೊಸದನ್ನೇ ಹಾಕಿಸುವುದು ಲೇಸು.

ನನ್ನ ಆಯ್ಕೆ ಎಂಪಿಎಫ್‌ಐ, ಅದೂ ಮೈಸೂರಿಗೆ ಹೋಗಿಬರುವ ಗಾಡಿಯಾದರೆ. ಆದರೆ ಗಟ್ಟಿ ಚಾಸಿಯ ಕಾರ್ಬೊರೇಟರ್ ಕಿಂಗ್ ಮತ್ತು ತುಕ್ಕು ತಿಂದ ಎಂಪಿಎಫ್‌ಐ ಎದುರುಬದುರು ನಿಂತರೆ ಹಿಂದೆಮುಂದೆ ನೋಡದೆ ಮೊದಲನೆಯದನ್ನೇ ಕೊಳ್ಳುತ್ತೇನೆ.

ಹಣ ಕೊಡುವ ಮುನ್ನ ಆರ್‌ಸಿ ನೋಡಿ. ಖಾಸಗಿ ಗಾಡಿಯ ನೋಂದಣಿಗೆ 15 ವರ್ಷದ ಅವಧಿ ಇರುವುದರಿಂದ ಈ ಜಿಪ್ಸಿಗಳಲ್ಲಿ ಹೆಚ್ಚಿನವು ನವೀಕರಣ ಮಾಡಿಸಿಕೊಂಡಿರಬೇಕಾದವು. ಸೇನೆಯ ಹರಾಜಿನಲ್ಲಿ ಬಂದ ಗಾಡಿಯಾದರೆ ಹರಾಜಿನ ಕಾಗದಗಳನ್ನೂ ಕೇಳಿ. ಚಾಸಿ ಸಂಖ್ಯೆಯನ್ನು ಬಟ್ಟೆಯಿಂದ ಒರೆಸಿ ಆರ್‌ಸಿಯೊಡನೆ ಒಂದೊಂದೇ ಅಂಕಿ ತಾಳೆ ನೋಡಿ; ಅದು ಓದಲಾಗದಷ್ಟು ತಿಂದುಹೋಗಿದ್ದರೆ ಅಲ್ಲಿಂದಲೇ ಹಿಂದಿರುಗಿ.