ಏಪ್ರಿಲ್ ಹಿಮದಲ್ಲಿ ಸಂದಕ್‌ಫು: ಕಾಂಚನಗಂಗಾ ನೋಡಲು ಒಂದು ದಿನ ಜಾಸ್ತಿ ಕಾದೆವು

ಸಂದಕ್‌ಫು ದಾರಿಯ ಕಾಲಿಪೋಖ್ರಿ ಎಂಬ ಹಳ್ಳಿಯಲ್ಲಿ ರಾತ್ರಿ ಎಂಟಕ್ಕೆ ಮಲಗಿದಾಗ ತಗಡಿನ ಮಾಡಿನ ಮೇಲೆ ಮಳೆ ಜೋರಾಗಿ ಬಡಿಯುತ್ತಿತ್ತು. ಮಲೆನಾಡಿನವರಿಗೆ ಆ ಸದ್ದು ಜೋಗುಳ ಇದ್ದ ಹಾಗೆ. ಹಾಯಾಗಿ ನಿದ್ದೆ ಹೋದೆ. ನಡುರಾತ್ರಿ ಎಚ್ಚರವಾದಾಗ ಸದ್ದೇ ಇಲ್ಲ. ಸದ್ಯ, ಮಳೆ ನಿಂತಿತು ಅಂದುಕೊಂಡು ಮಗ್ಗುಲು ಬದಲಿಸಿದೆ. ಬೆಳಗ್ಗೆ ನಾದಿನಿ ಕಿಟಕಿಯ ಪರದೆ ಸರಿಸಿ, "ಅತ್ತಿಗೆ, ಮಳೆ ನಿಂತಿದ್ದಲ್ಲ. ಹಿಮ ಬಿದ್ದಿದೆ, ಎದ್ದು ನೋಡಿ" ಅಂದಳು.

ಅದು ಏಪ್ರಿಲ್ ಮೂರನೇ ವಾರ. ಶಿವಮೊಗ್ಗದಲ್ಲಿ ಫ್ಯಾನ್ ಕೆಳಗೆ ಕೂತರೂ ಬೆವರುವ ದಿನಗಳು. ಇಲ್ಲಿ ಅಂಗಳದಲ್ಲಿ ಗೇಣುದ್ದ ಹಿಮ, ಬಟ್ಟೆ ಒಣಹಾಕುವ ತಂತಿಯ ಮೇಲೂ ಹಿಮ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವಳು. ಭಾರತದ ಅತಿ ಎತ್ತರದ ಶಿಖರ ಯಾವುದು ಅಂತ ಎಷ್ಟು ಮಕ್ಕಳನ್ನು ಕೇಳಿದ್ದೇನೋ ಲೆಕ್ಕವಿಲ್ಲ. ಕೆ2 ಅಂದವರಿಗೂ ಅಂಕ ಕೊಡುತ್ತಿದ್ದೆ. ನಮ್ಮ ನಕ್ಷೆಯಲ್ಲಿ ಅದು ಇದೆ, ಆದರೆ ಪಾಕಿಸ್ತಾನದ ಹಿಡಿತದಲ್ಲಿದೆ. ನಮ್ಮ ಕೈಯಲ್ಲಿರುವುದರಲ್ಲಿ ಎತ್ತರದ್ದು ಕಾಂಚನಗಂಗಾ, 8,586 ಮೀಟರ್. ಅದೂ ಅರ್ಧ ನಮ್ಮದು, ಅರ್ಧ ನೇಪಾಳದ್ದು. ಹೆಸರಿನಲ್ಲಿ ಗಂಗೆ ಇದ್ದರೂ ಗಂಗೆಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿನವರು ಹೇಳುವುದು ಕಾಂಚನ್‌ಜುಂಗಾ, ಅಂದರೆ ಹಿಮದ ಐದು ಖಜಾನೆ. ಇಷ್ಟೆಲ್ಲಾ ಪಾಠ ಮಾಡಿದವಳು ಅದನ್ನು ಕಣ್ಣಾರೆ ನೋಡಿರಲಿಲ್ಲ. ನಿವೃತ್ತಿ ಆದ ಮೇಲೆ ಮೊದಲು ಮಾಡಿದ ಕೆಲಸ ಇದು.

ಹತ್ತುವ ಮಾತಲ್ಲ, ನೋಡುವ ಮಾತು. ಡಾರ್ಜಿಲಿಂಗ್‌ನ ಟೈಗರ್ ಹಿಲ್‌ಗೆ ಜೀಪಿನಲ್ಲಿ ಹೋಗಿ ನೋಡಬಹುದು. ನಮಗೆ ನಡೆದು ಹೋಗಿಯೇ ನೋಡಬೇಕಿತ್ತು. ಅದಕ್ಕೆ ಸಂದಕ್‌ಫು. ಸಿಂಗಾಲಿಲಾ ಎಂಬ ಏಣಿನ ಮೇಲೆ, 3,636 ಮೀಟರ್ ಎತ್ತರದಲ್ಲಿ, ಪಶ್ಚಿಮ ಬಂಗಾಳ ಮತ್ತು ನೇಪಾಳದ ಗಡಿಯಲ್ಲಿದೆ. ಮಾನೇಭಂಜಾಂಗ್ ಎಂಬ ಪುಟ್ಟ ಪೇಟೆಯಿಂದ ಸುಮಾರು 31 ಕಿ.ಮೀ. ದಾರಿ. ನಡಿಗೆ ಶುರುವಾಗುವ ಆ ಪೇಟೆಯೇ ಹೆಚ್ಚೂಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿದೆ. ಕರ್ನಾಟಕ ಮುಗಿಯುವಲ್ಲಿಂದ ಅವರು ಆರಂಭಿಸುತ್ತಾರೆ ಅಂತ ನಾದಿನಿ ನಕ್ಕಳು.

ತಯಾರಿ ಮೂರು ತಿಂಗಳು. ದಿನಾ ಐದು ಕಿ.ಮೀ. ನಡಿಗೆ. ವಾರಕ್ಕೆ ಮೂರು ದಿನ ಪಕ್ಕದ ಅಪಾರ್ಟ್‌ಮೆಂಟಿನ ಮೆಟ್ಟಿಲು, ಬೆನ್ನಿಗೆ ಐದು ಕೆ.ಜಿ. ಅಕ್ಕಿ ಹಾಕಿದ ಚೀಲ. ವಾಚ್‌ಮನ್‌ಗೆ ನನ್ನ ತಲೆ ಸರಿಯಿಲ್ಲ ಅಂತ ಅನುಮಾನ ಬಂದಿತ್ತು. ಎರಡು ಸಲ ಕೊಡಚಾದ್ರಿ ಹತ್ತಿ ಇಳಿದೆವು. ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ರೂಢಿ ಮಾಡಿಕೊಳ್ಳಬೇಕು. ಮಂಡಿ ಕೈಕೊಡುವುದು ಇಳಿಯುವಾಗಲೇ.

ತಪ್ಪು ಮಾಡಿದ್ದು ಶೂ ವಿಷಯದಲ್ಲಿ. ಏಳು ವರ್ಷದ ಹಿಂದೆ ತಗೊಂಡ ಟ್ರೆಕ್ಕಿಂಗ್ ಶೂ ಇತ್ತು. ಹಾಕಿದ್ದು ನಾಲ್ಕೇ ಸಲ, ನೋಡಲು ಹೊಸದರ ಹಾಗೇ ಇತ್ತು. ಮೆಟ್ಟಿಲು ಹತ್ತಿದ್ದು, ಕೊಡಚಾದ್ರಿ ಹತ್ತಿದ್ದು ಎಲ್ಲಾ ಹಗುರ ವಾಕಿಂಗ್ ಶೂನಲ್ಲಿ. ಒಳ್ಳೆಯ ಶೂ ಸವೆಯದಿರಲಿ ಅಂತ ಎತ್ತಿಟ್ಟಿದ್ದೆ! ಮಲೆನಾಡಿನ ಏಳು ಮಳೆಗಾಲದ ತೇವ ಬೀರುವಿನೊಳಗೆ ಕೂತು ಏನು ಮಾಡುತ್ತದೆ ಅಂತ ಯೋಚಿಸಲೇ ಇಲ್ಲ.

ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನ, ಅಲ್ಲಿಂದ ಮಿರಿಕ್ ಮೇಲೆ ಜೀಪು. ಸಂಜೆಗೆ ಮಾನೇಭಂಜಾಂಗ್. ಇಲ್ಲಿಂದ ಮುಂದೆ ಗೈಡ್ ಇಲ್ಲದೆ ಬಿಡುವುದಿಲ್ಲ. ಸಿಂಗಾಲಿಲಾ ರಾಷ್ಟ್ರೀಯ ಉದ್ಯಾನಕ್ಕೆ ಪರ್ಮಿಟ್ ಬೇಕು, ಗಡಿ ಕಾಯುವ ಎಸ್‌ಎಸ್‌ಬಿ ಯೋಧರಿಗೆ ತೋರಿಸಲು ಗುರುತಿನ ಚೀಟಿಯೂ ಬೇಕು. ನಮಗೆ ಸಿಕ್ಕ ಗೈಡ್ ಇಪ್ಪತ್ತೈದರ ಹುಡುಗ. ನಾನು ಅವನನ್ನು ಭಾಯಿ ಅಂದೆ, ಅವನು ನಮ್ಮಿಬ್ಬರನ್ನೂ ದಿದಿ ಅಂದ. ಹಿಂದಿಯಲ್ಲಿ ಮಾತು. ಪೇಟೆಯಲ್ಲಿ ಐವತ್ತರ ದಶಕದಷ್ಟು ಹಳೆಯ ಲ್ಯಾಂಡ್ ರೋವರ್‌ಗಳು ಇನ್ನೂ ಓಡಾಡುತ್ತವೆ. ನಡೆಯಲಾಗದವರು ಅದರಲ್ಲೋ ಬೊಲೆರೊದಲ್ಲೋ ಸಂದಕ್‌ಫು ತನಕ ಹೋಗಬಹುದು. ಆ ಕುಲುಕಾಟ ನೋಡಿದರೆ ನಡಿಗೆಯೇ ವಾಸಿ.

ಮೊದಲ ದಿನ ಚಿತ್ರೆ, ಮೇಘ್ಮಾ ದಾಟಿ ತುಮ್ಲಿಂಗ್. ಮೇಘ್ಮಾ ಹೆಸರಿಗೆ ತಕ್ಕ ಹಾಗೆ ಮೋಡದೊಳಗೇ ಇತ್ತು. ತುಮ್ಲಿಂಗ್ ಇರುವುದು ನೇಪಾಳದಲ್ಲಿ. ಲಾಡ್ಜಿನ ಗೋಡೆ ಗಡಿಯಾರ ನನ್ನ ಕೈಗಡಿಯಾರಕ್ಕಿಂತ ಹದಿನೈದು ನಿಮಿಷ ಮುಂದೆ. ಕೆಟ್ಟಿದೆ ಅಂದುಕೊಂಡೆ. ನೇಪಾಳದ ಸಮಯವೇ ಹಾಗೆ ಅಂತ ಆಮೇಲೆ ಹೊಳೆಯಿತು. ಸಮಾಜದ ಮೇಷ್ಟ್ರಿಗೆ ನಾಚಿಕೆ.

ಎರಡನೇ ದಿನ ಗೈರಿಬಾಸ್‌ಗೆ ಇಳಿದು, ಮತ್ತೆ ಏರಿ, ಕಾಲಿಪೋಖ್ರಿ. ಏಪ್ರಿಲ್‌ನಲ್ಲಿ ಹೋಗುವುದೇ ಹೂವಿಗಾಗಿ. ಅಲ್ಲಿ ಲಾಲಿಗುರಾಸ್ ಅನ್ನುತ್ತಾರೆ, ರೋಡೊಡೆಂಡ್ರನ್. ಗುಡ್ಡದ ತುಂಬಾ ಕೆಂಪು, ಇನ್ನೂ ಮೇಲೆ ಹೋದಂತೆ ಗುಲಾಬಿ, ಬಿಳಿ. ಎಲೆಯೇ ಇಲ್ಲದ ಮರಗಳ ತುಂಬಾ ಬಿಳಿ ಮ್ಯಾಗ್ನೋಲಿಯಾ. ಆದರೆ ಪರ್ವತ? ಎರಡು ದಿನವಾದರೂ ಒಂದು ಚೂರೂ ಕಾಣಲಿಲ್ಲ. ಪರ್ವತವೇ ಮುಖ್ಯ ಅಂದರೆ ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಹೋಗಬೇಕು. ಆಗ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಹೂವು ಇರುವುದಿಲ್ಲ. ನಮಗೆ ಎರಡೂ ಬೇಕಿತ್ತು. ದುರಾಸೆ.

ಕಾಲಿಪೋಖ್ರಿಗೆ ಎರಡು ಕಿ.ಮೀ. ಇರುವಾಗ ಬಲಗಾಲಿನ ಶೂ ಬಾಯಿ ತೆರೆಯಿತು. ಹೊಲಿಗೆ ಬಿಚ್ಚಿದ್ದಲ್ಲ, ಅಟ್ಟೆಯ ಮೇಲಿನ ಮೆತ್ತನೆಯ ಪದರವೇ ಹಳೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು. ಹಾಕದೆ ಇಟ್ಟರೂ ಅದು ಒಳಗೊಳಗೇ ಹಳಸುತ್ತದಂತೆ. ನಾನು ದಾರಿ ಮಧ್ಯೆ ಕೂತುಬಿಟ್ಟೆ. ಭಾಯಿ ಏನೂ ಮಾತಾಡಲಿಲ್ಲ. ಜೇಬಿನಿಂದ ನೀಲಿ ನೈಲಾನ್ ಹಗ್ಗ ತೆಗೆದ. ಅಟ್ಟೆಯ ಅಡಿಯಿಂದ ಮೂರು ಸುತ್ತು ತಂದು ಕಣಕಾಲಿಗೆ ಬಿಗಿದ. ಎಡಗಾಲಿಗೂ ಈಗಲೇ ಕಟ್ಟಿಬಿಡೋಣ, ಅದೂ ನಾಳೆ ಹೋಗುತ್ತದೆ ಅಂದ. ಮರುದಿನ ಹಾಗೇ ಆಯಿತು.

ಹಿಮ ಬಿದ್ದ ಆ ಬೆಳಗ್ಗೆ ನನಗೆ ಭಯ ಹತ್ತಿತು. ಹಗ್ಗ ಕಟ್ಟಿದ ಶೂ, ಅದರ ಮೇಲೆ ಹಿಮ. ಮುಂದಿನ ಆರು ಕಿ.ಮೀ.ಯಲ್ಲಿ ಬಿಖೇಭಂಜಾಂಗ್‌ನಿಂದ ಮೇಲಕ್ಕೆ ಇರುವ ಏರು ಇಡೀ ದಾರಿಯಲ್ಲೇ ಕಡಿದಾದದ್ದು. ಭಾಯಿ ಹೊರಗೆ ಹೋಗಿ ಒಂದು ಗುರಾಸ್ ಗಿಡ ತೋರಿಸಿದ. ಎಲೆಗಳೆಲ್ಲ ಬೀಡಿ ಸುತ್ತಿದ ಹಾಗೆ ಸುರುಳಿಯಾಗಿ ಕೆಳಗೆ ಜೋತುಬಿದ್ದಿದ್ದವು. ಚಳಿ ಜಾಸ್ತಿಯಾದರೆ ಹೀಗೆ ಸುತ್ತಿಕೊಳ್ಳುತ್ತವೆ, ಎಲೆ ಬಿಚ್ಚಿಕೊಂಡ ಮೇಲೆ ಹೊರಡೋಣ ಅಂದ. ನಾವು ಚಹಾ ಕುಡಿಯುತ್ತಾ ಎಲೆ ಕಾಯುತ್ತಾ ಕೂತೆವು. ಒಂಬತ್ತೂವರೆಗೆ ಎಲೆ ಅರ್ಧ ಬಿಚ್ಚಿತು, ಹೊರಟೆವು.

ಇಂಥ ದಾರಿಯಲ್ಲಿ ಹೊಸ ಹಿಮ ಅಷ್ಟು ಜಾರಿಸುವುದಿಲ್ಲ. ಮೆತ್ತಗಿರುತ್ತದೆ, ಕಾಲು ಹೂತು ನಿಲ್ಲುತ್ತದೆ. ಜಾರಿಸುವುದು ಕಾಂಕ್ರೀಟ್ ರಸ್ತೆಯ ಮೇಲೆ ಗಾಜಿನ ಹಾಗೆ ಕಟ್ಟಿದ ಮಂಜುಗಡ್ಡೆ. ಈಗ ಅಲ್ಲಿ ಬಹುಪಾಲು ದಾರಿಗೆ ಕಾಂಕ್ರೀಟ್ ಹಾಕಿದ್ದಾರೆ, ಜೀಪಿಗೆ ಒಳ್ಳೆಯದು, ಕಾಲಿಗಲ್ಲ. ನಾವು ರಸ್ತೆ ಬಿಟ್ಟು ಅಂಚಿನ ಹುಲ್ಲಿನ ಮೇಲೆ ನಡೆದೆವು. ಹೆಜ್ಜೆ ಚಿಕ್ಕದು, ಪಾದ ಪೂರ್ತಿ ಊರಬೇಕು, ಹಿಮ್ಮಡಿ ಮೊದಲು ಇಡಬಾರದು. ಗದ್ದೆಯ ಅಂಚಿನ ಮೇಲೆ ಮಳೆಗಾಲದಲ್ಲಿ ನಡೆದವರಿಗೆ ಇದನ್ನು ಕಲಿಸಬೇಕಾಗಿಲ್ಲ. ತಮಾಷೆ ಏನೆಂದರೆ, ನನ್ನ ಹಗ್ಗ ಕಟ್ಟಿದ ಶೂ ಒಂದು ಸಲವೂ ಜಾರಲಿಲ್ಲ. ಅಟ್ಟೆಯ ಕೆಳಗಿನ ಹಗ್ಗವೇ ಹಿಡಿತ ಕೊಡುತ್ತಿತ್ತು. ಹೊಸ ಶೂ ಹಾಕಿದ್ದ ನಾದಿನಿ ಎರಡು ಸಲ ಕೂತಳು. ಎರಡನೇ ಸಲ ಬಿದ್ದ ಮೇಲೆ ಭಾಯಿ ಅವಳ ಹಳೆ ಉಣ್ಣೆ ಕಾಲುಚೀಲವನ್ನು ಶೂ ಮೇಲೆ ಹಾಕಿಸಿದ. ಅದೂ ಕೆಲಸ ಮಾಡಿತು.

ಕಪ್ಪು ಕನ್ನಡಕ ಮಾತ್ರ ಬೇಕೇ ಬೇಕು. ಮೋಡ ಇದ್ದರೂ ಹಿಮದ ಬೆಳಕು ಕಣ್ಣನ್ನು ಚುಚ್ಚುತ್ತದೆ.

ಬಿಖೇಭಂಜಾಂಗ್‌ನ 'ಬಿಖ್' ಅಂದರೆ ವಿಷ. ಅಲ್ಲಿ ಬೆಳೆಯುವ ವತ್ಸನಾಭಿ ಜಾತಿಯ ವಿಷದ ಗಿಡದಿಂದ ಬಂದ ಹೆಸರು. ಅಲ್ಲಿಂದ ಮೇಲೆ ನಾನು ಐವತ್ತು ಹೆಜ್ಜೆ ಎಣಿಸುವುದು, ನಿಲ್ಲುವುದು. ಆಮೇಲೆ ಮೂವತ್ತು. ಕೊನೆಗೆ ಹದಿನೈದು. "ಬಿಸ್ತಾರೈ, ದಿದಿ, ಬಿಸ್ತಾರೈ" ಅನ್ನುತ್ತಿದ್ದ ಭಾಯಿ. ನಿಧಾನ, ನಿಧಾನ ಅಂತ. ಕೆಂಪು ಗುರಾಸ್ ಹೂವಿನ ಬಟ್ಟಲುಗಳಲ್ಲಿ ಹಿಮ ತುಂಬಿಕೊಂಡಿತ್ತು. ಫೋಟೋ ತೆಗೆಯೋಣವೆಂದರೆ ಚಳಿಗೆ ಮೊಬೈಲ್ ಸತ್ತಿತ್ತು. ಆಮೇಲಿಂದ ಅದನ್ನು ರವಿಕೆಯ ಹತ್ತಿರ, ಒಳಜೇಬಿನಲ್ಲಿ ಇಟ್ಟುಕೊಂಡೆ.

ಮಧ್ಯಾಹ್ನ ಎರಡಕ್ಕೆ ಸಂದಕ್‌ಫು. ಸುತ್ತ ಬಿಳಿ ಗೋಡೆ. ಪರ್ವತ ಬಿಡಿ, ಎದುರಿನ ಲಾಡ್ಜ್ ಕಾಣಲಿಲ್ಲ. ತಲೆ ಸಣ್ಣಗೆ ನೋಯುತ್ತಿತ್ತು. ಬಿಸಿನೀರು ಕುಡಿದೆ, ಥುಕ್ಪಾ ಎಂಬ ನೂಡಲ್ಸ್ ಸೂಪು ಕುಡಿದೆ, ಮನೆಯಿಂದ ತಂದ ಕಷಾಯದ ಪುಡಿ ಹಾಕಿಸಿ ಕುದಿಸಿ ಕುಡಿದೆ. ಭಾಯಿಗೂ ಒಂದು ಲೋಟ ಕೊಟ್ಟೆ. ಕಾಳುಮೆಣಸಿನ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಲೋಟ ಕೇಳಿದ. ರಾತ್ರಿ ಕಬ್ಬಿಣದಂಥ ಹಾಸಿಗೆ, ಮೂರು ರಜಾಯಿ. ಬಿಸಿನೀರಿನ ಬಾಟಲಿಯನ್ನು ಕಾಲ ಬಳಿ ಇಟ್ಟುಕೊಂಡರೆ ನಿದ್ದೆ ಬರುತ್ತದೆ, ಬೆಳಗ್ಗೆ ಕುಡಿಯಲು ನೀರೂ ಗಡ್ಡೆಯಾಗಿರುವುದಿಲ್ಲ.

ಮರುದಿನ ನಾಲ್ಕಕ್ಕೆ ಎದ್ದೆವು. ಅಲ್ಲಿ ನಮ್ಮೂರಿಗಿಂತ ಒಂದು ಗಂಟೆ ಮೊದಲೇ ಬೆಳಗಾಗುತ್ತದೆ, ಐದಕ್ಕೆಲ್ಲ ಬೆಳಕು. ಹೊರಗೆ ಹೋದರೆ ಅದೇ ಬಿಳಿ ಗೋಡೆ. ಆರರವರೆಗೆ ನಿಂತು ಒಳಗೆ ಬಂದೆವು.

ನಮ್ಮ ಪಟ್ಟಿಯ ಪ್ರಕಾರ ಆ ದಿನ ಇದೇ ಏಣಿನ ಮೇಲೆ ಮುಂದಿರುವ ಫಾಲೂಟ್‌ಗೆ 21 ಕಿ.ಮೀ. ನಡೆಯಬೇಕಿತ್ತು. ಹಿಮದಲ್ಲಿ, ಮೋಡದಲ್ಲಿ, ನನ್ನ ಶೂನಲ್ಲಿ. ನಾದಿನಿಗೆ ಹೋಗುವ ಆಸೆ. "ಬಂದದ್ದೇ ಬಂದಿದ್ದೀವಿ, ಫಾಲೂಟ್‌ನಿಂದ ಇನ್ನೂ ಹತ್ತಿರ ಕಾಣುತ್ತಂತೆ ಅತ್ತಿಗೆ." ನಾನು ಅಂದೆ, "ನಾವು ಬಂದಿದ್ದು ನೋಡೋಕೆ ಮಾರಾಯ್ತಿ, ಊರು ಎಣಿಸೋಕಲ್ಲ. ಇಲ್ಲೇ ಕೂರೋಣ." ಅವಳು ಮುಖ ಊದಿಸಿಕೊಂಡಳು. ಹಿಮ ಸುರಿದು ಗಾಳಿ ತಿರುಗಿದರೆ ಆಕಾಶ ತೆರೆಯುತ್ತದೆ, ಗಾಳಿ ಈಗ ತಿರುಗುತ್ತಿದೆ ಅಂತ ಭಾಯಿಯೂ ಹೇಳಿದ. ಹಿಂತಿರುಗುವ ಟಿಕೆಟ್‌ಗೆ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡದ್ದು ಆಗ ನೆರವಿಗೆ ಬಂತು. ಇಡೀ ಪ್ರವಾಸದಲ್ಲಿ ನಾನು ಮಾಡಿದ ಒಂದೇ ಜಾಣ ಕೆಲಸ ಅದು. ಆ ದಿನವಿಡೀ ಅಡುಗೆಮನೆಯ ಒಲೆ ಮುಂದೆ ಕೂತು, ಕಲ್ಲಿನಂಥ ಚುರ್ಪಿ ಚೀಪುತ್ತಾ, ನಮ್ಮ ಕೋಡುಬಳೆ ಹಂಚಿದೆವು. ಚುರ್ಪಿ ಅಂದರೆ ಒಣಗಿಸಿದ ಚೀಸ್, ಒಂದು ತುಂಡು ಒಂದು ಗಂಟೆ ಬರುತ್ತದೆ.

ಎರಡನೇ ಬೆಳಗ್ಗೆ ನಾಲ್ಕಕ್ಕೆ ಬಾಗಿಲು ತೆಗೆದಾಗ ನಕ್ಷತ್ರ ಕಂಡವು. ಮನೆಯ ಮಾಡಿನ ಮೇಲೇ ಕೂತ ಹಾಗಿದ್ದವು. ರಾತ್ರಿ ಗಟ್ಟಿಯಾದ ಹಿಮ ಕಾಲ ಕೆಳಗೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ದಿಬ್ಬದ ಮೇಲೆ ನಿಂತೆವು. ಐದಕ್ಕೆ ಸ್ವಲ್ಪ ಮೊದಲು ಉತ್ತರದಲ್ಲಿ ಬೂದು ಬಣ್ಣದ ಒಂದು ಉದ್ದ ಆಕಾರ. ಮೋಡ ಅಂದುಕೊಂಡೆ. ಮೋಡ ಅಲ್ಲ ಅಂತ ಗೊತ್ತಾದದ್ದು ಅದರ ತುದಿಗೆ ಕೆಂಡದ ಬಣ್ಣದ ಒಂದು ಚುಕ್ಕೆ ಬಿದ್ದಾಗ.

ಚುಕ್ಕೆ ಇಳಿಯುತ್ತಾ ಇಳಿಯುತ್ತಾ ಅಗಲವಾಯಿತು. ಕೆಂಡ ಹೋಗಿ ಅರಿಸಿನ, ಆಮೇಲೆ ಬೆಣ್ಣೆಯ ಬಣ್ಣ. ನಮ್ಮಿಂದ ಅದು 65-70 ಕಿ.ಮೀ. ದೂರ, ಆದರೂ ತಲೆ ಎತ್ತಿಯೇ ನೋಡಿದೆ ಅನಿಸಿತು. ಅದರ ಸಾಲನ್ನು ಮಲಗಿದ ಬುದ್ಧ ಅನ್ನುತ್ತಾರೆ. ಎಡಗಡೆ ತಲೆ, ನಡುವೆ ಕಾಂಚನಗಂಗಾ ಹೊಟ್ಟೆ, ಬಲಕ್ಕೆ ಪಾಂಡಿಮ್ ಕಾಲು. ತಲೆಯಾಗಿರುವ ಶಿಖರದ ಹೆಸರು ಕುಂಭಕರ್ಣ! ಮಲಗಿದವನಿಗೆ ಸರಿಯಾದ ಹೆಸರೇ ಇಟ್ಟಿದ್ದಾರೆ ಅಂತ ನಾದಿನಿ ನಕ್ಕಳು, ಮುನಿಸು ಅಲ್ಲಿಗೆ ಮುಗಿಯಿತು.

ಸ್ವಲ್ಪ ಹೊತ್ತಿಗೆ ಎಡಕ್ಕೆ, ತುಂಬಾ ದೂರದಲ್ಲಿ, ಇನ್ನೊಂದು ಗುಂಪಿಗೆ ಬೆಳಕು ಬಿತ್ತು. ಮಕಾಲು, ಲೋತ್ಸೆ, ನಡುವೆ ಎವರೆಸ್ಟ್. ಎವರೆಸ್ಟ್ ಸುಮಾರು 140 ಕಿ.ಮೀ. ದೂರ ಇರುವುದರಿಂದ ಮಕಾಲುಗಿಂತ ಚಿಕ್ಕದಾಗಿ ಕಾಣುತ್ತದೆ. 19ನೇ ಶತಮಾನದ ನಡುವಿನವರೆಗೆ ಜಗತ್ತಿನಲ್ಲೇ ಎತ್ತರದ್ದು ಕಾಂಚನಗಂಗಾ ಅಂತ ನಂಬಿದ್ದರಂತೆ. ಇಲ್ಲಿ ನಿಂತರೆ ಆ ತಪ್ಪು ಯಾಕಾಯಿತು ಅಂತ ಯಾರೂ ಕೇಳುವುದಿಲ್ಲ.

1955ರ ಮೇ 25ರಂದು ಬ್ರಿಟಿಷ್ ತಂಡದ ಜೋ ಬ್ರೌನ್, ಜಾರ್ಜ್ ಬ್ಯಾಂಡ್ ಮೊದಲ ಸಲ ಇದನ್ನು ಹತ್ತಿದರು. ಆದರೆ ತುತ್ತತುದಿಗೆ ಕಾಲಿಡಲಿಲ್ಲ. ಸಿಕ್ಕಿಂನವರಿಗೆ ಅದು ದೇವರು, ಅವರಿಗೆ ಮಾತು ಕೊಟ್ಟಿದ್ದರು. ಕೆಲವೇ ಅಡಿ ಕೆಳಗೆ ನಿಂತು ಹಿಂತಿರುಗಿದರು. ಆಮೇಲೆ ಬಂದ ಎಷ್ಟೋ ಜನ ಅದನ್ನೇ ಪಾಲಿಸಿದರು. ನಾನು ಇದನ್ನು ನಾದಿನಿಗೆ ಹೇಳಿದೆ. ಅವಳು ಚಪ್ಪಲಿ ಬಿಡುವವಳ ಹಾಗೆ ಒಮ್ಮೆ ತನ್ನ ಶೂ ನೋಡಿಕೊಂಡು, ಚಳಿ ನೆನಪಾಗಿ ಸುಮ್ಮನಾದಳು.

ಐವತ್ತು ನಿಮಿಷ. ಆರಕ್ಕೆ ಮೊದಲೇ ಕೆಳಗಿನ ಕಣಿವೆಯಿಂದ ಮೋಡ ಏರಿ ಬಂತು, ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಕುಂಭಕರ್ಣನ ಮೂಗು.

ಇಳಿದದ್ದು ಗುರ್ದುಮ್ ಕಡೆಯ ಕಾಡುದಾರಿಯಲ್ಲಿ ಶ್ರೀಖೋಲಾಕ್ಕೆ. ಹಿಮ ಕರಗಿ ಕೆಸರು, ಅದರ ಮೇಲೆ ಬಿದಿರೆಲೆ. ಮಂಡಿಗೆ ಪಟ್ಟಿ ಹಾಕಿ, ಎರಡು ಕೋಲು ಹಿಡಿದು, ಇಡೀ ದಿನ ಇಳಿದೆ. ಆ ದಾರಿಯ ಬಗ್ಗೆ ನನಗೆ ನೆನಪಿರುವುದು ನನ್ನ ಕಾಲ್ಬೆರಳುಗಳು ಮಾತ್ರ.

ಶ್ರೀಖೋಲಾದ ಹೊಳೆಯ ಹತ್ತಿರ ಶೂ ಬಿಚ್ಚಿದೆ. ಬಲಗಾಲಿನದು ಎರಡು ಹೋಳಾಗಿ ಕೈಗೆ ಬಂತು. ಭಾಯಿ ನೀಲಿ ಹಗ್ಗವನ್ನು ನಿಧಾನಕ್ಕೆ ಬಿಡಿಸಿ, ಹೊಳೆಯಲ್ಲಿ ತೊಳೆದು, ಮಡಚಿ ಮತ್ತೆ ಜೇಬಿಗೆ ಹಾಕಿಕೊಂಡ. ನಾಡಿದ್ದು ಕಲ್ಕತ್ತಾದಿಂದ ಎಂಟು ಜನ ಬರುತ್ತಿದ್ದಾರೆ ಅಂದ.