ಮೂರು ಕಂಬಗಲ್ಲು, ಒಂದು ಚಪ್ಪಡಿ

ಮನುಷ್ಯನ ಮೊದಲ ಮನೆ. ಶಹಾಪುರದ ಹತ್ತಿರ ತೋಟವೊಂದಕ್ಕೆ ಶಿಲ್ಪ ಬೇಕು ಅಂದವರು ಕೊಟ್ಟ ವಿಷಯ ಇಷ್ಟೇ. ನನಗೆ ಮೊದಲು ನೆನಪಾದದ್ದು ಯಾದಗಿರಿ ಜಿಲ್ಲೆಯ ರಾಜನಕೋಳೂರಿನ ಪುರಾತನ ಕಲ್ಮನೆಗಳು. ನೆಟ್ಟ ಚಪ್ಪಡಿಗಳು, ಮೇಲೊಂದು ಮುಚ್ಚಳಗಲ್ಲು. 19ನೇ ಶತಮಾನದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅವನ್ನು ಅಗೆಸಿ ನೋಡಿದ್ದ. ಆದರೆ ಅವು ಬದುಕಿದ್ದವರ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದವು. ಅದಕ್ಕೇ ನಕಲು ಮಾಡಲಿಲ್ಲ. ಯಾದಗಿರಿ ಕೋಟೆ ಗುಡ್ಡದಲ್ಲಿ ಉರುಟು ಬಂಡೆಗಳ ಸಂದಿಯಲ್ಲಿ ನೆರಳಿರುತ್ತದಲ್ವಾ, ಆ ಸಂದಿಯನ್ನೇ ಹಿಡಿದೆ.

ಕಂಬಗಲ್ಲು ಮೂರೇ ಸಾಕು ಅಂತ ತೀರ್ಮಾನ. ಮೂರರ ಮೇಲೆ ಕೂತ ಚಪ್ಪಡಿ ಅಲುಗಾಡಲ್ಲ. ನಾಲ್ಕು ನೆಟ್ಟರೆ ಒಂದು ಮೂಲೆಗೆ ಚಕ್ಕೆ ತುರುಕುತ್ತಾ ಕೂರಬೇಕು.

ಚಪ್ಪಡಿ 10 ಅಡಿ ಉದ್ದ, 8 ಅಡಿ ಅಗಲ, ಒಂದೂವರೆ ಅಡಿ ದಪ್ಪ. ಗ್ರಾನೈಟ್ ಘನ ಅಡಿಗೆ ಸುಮಾರು 75 ಕೆಜಿ ತೂಗುತ್ತದೆ. ಅಂದರೆ 9 ಟನ್! 14 ಟನ್ ಕ್ರೇನ್ ಸಾಕಲ್ವಾ ಅಂದರು. ಸಾಲಲ್ಲ. ತೋಳು ಚಾಚಿದಷ್ಟೂ ಅದು ಎತ್ತುವ ಭಾರ ಇಳಿಯುತ್ತದೆ. ದೊಡ್ಡದನ್ನೇ ತರಿಸಿದೆವು.

ಬಂಡೆ ಸೀಳುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಸಾಲಾಗಿ ತೂತು ಕೊರೆದು ಬೆಣೆ ಇಳಿಸುತ್ತೇವೆ. ಒಂದೊಂದಕ್ಕೆ ಒಂದೊಂದೇ ಏಟು, ಆಮೇಲೆ ಕೈ ತಡೆದು ಕಿವಿ ಕೊಡಬೇಕು. ಬೆಣೆ ಬಿಗಿದಂತೆ ಸದ್ದು ಚೂಪಾಗುತ್ತದೆ. ಕೊನೆಗೆ ಕಲ್ಲಿನೊಳಗೆಲ್ಲೋ ಚಿಟ್ ಅನ್ನುತ್ತದೆ. ಅವಸರ ಪಟ್ಟು ಒಂದೇ ಬೆಣೆಗೆ ಬಡಿದರೆ ಬಿರುಕು ತೂತಿನ ಸಾಲು ಬಿಟ್ಟು ಪಕ್ಕಕ್ಕೆ ಓಡುತ್ತದೆ. ಕೊರೆಯುವಾಗ ನೀರು ಬಿಡಿ, ಒಳ್ಳೆಯ ಮಾಸ್ಕ್ ಹಾಕಿ. ಮೂಗಿಗೆ ಸುಮ್ನೆ ಟವೆಲ್ ಸುತ್ತಿಕೊಂಡರೆ ಸಿಲಿಕಾ ಧೂಳು ನಿಲ್ಲಲ್ಲ. ಆ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಬಂದ ಮೇಲೆ ವಾಸಿಯಾಗುವ ಕಾಯಿಲೆಯಲ್ಲ.

ಜಾಗ ಎರೆ ಮಣ್ಣಿನದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣಿನ ಮೇಲೆ ಇಷ್ಟು ಭಾರ ನಿಲ್ಲಿಸುವ ಹಾಗಿಲ್ಲ. ಗಟ್ಟಿ ಗರಸು ಸಿಗುವ ತನಕ ತೋಡಿಸಿ, ಕಾಂಕ್ರೀಟ್ ಹಾಕಿ ಕಂಬಗಲ್ಲು ನೆಟ್ಟೆವು. ಚಪ್ಪಡಿ ಸರಿಯದಂತೆ ಕಂಬಗಳ ತುದಿಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಗೂಟಗಳಿವೆ, ಹೊರಗೆ ಕಾಣಲ್ಲ.

ಬಾಯಿಯ ಎತ್ತರ ನಾಲ್ಕೂವರೆ ಅಡಿಗೇ ನಿಲ್ಲಿಸಿದೆ. ದೊಡ್ಡವರು ಬಗ್ಗಿಯೇ ಒಳಗೆ ಹೋಗಬೇಕು. ನಿಂತು ನಡೆದರೆ ಅದು ಬಸ್ ಸ್ಟ್ಯಾಂಡ್ ಆಗುತ್ತದೆ. ಚಪ್ಪಡಿಯನ್ನು ಹಿಂದಕ್ಕೆ ಕೊಂಚ ಇಳಿಜಾರು ಮಾಡಿದೆ. ಮುಂದಿನ ಅಂಚಿನ ತಳಕ್ಕೆ ಚಾಣದಲ್ಲಿ ಒಂದು ಗೀರು ಕೊರೆದೆ. ಅಂಚು ಹಿಡಿದು ಒಳಗೆ ಹರಿಯುವ ನೀರು ಆ ಗೀರಿಗೆ ಬಂದು ಹೊರಗೇ ತೊಟ್ಟಿಕ್ಕುತ್ತದೆ.

ಹಣ ಕೊಟ್ಟವರಿಗೆ ಪಾಲಿಶ್ ಬೇಕಿತ್ತು. ನಾನು ಒಪ್ಪಲಿಲ್ಲ. ಹೊಳೆಯುವ ಗ್ರಾನೈಟ್ ನೋಡಿದರೆ ಅಡುಗೆಮನೆ ಕಟ್ಟೆಯೇ ಕಣ್ಣಿಗೆ ಬರುತ್ತದೆ. ಬಿಸಿಲು ಮಳೆಗೆ ಮಾಗಿದ ಕಲ್ಲಿನ ಚರ್ಮ ಎಷ್ಟು ಉಳಿದಿತ್ತೋ ಅಷ್ಟನ್ನೂ ಹೊರಮೈಗೆ ತಿರುಗಿಸಿದೆ. ಅವರ ಹೆಸರನ್ನು ಶಹಾಬಾದ್ ಕಲ್ಲಿನ ಮೇಲೆ ಕೆತ್ತಿ ದಾರಿಯ ಪಕ್ಕ ನಿಲ್ಲಿಸಿದ್ದೇನೆ. ಅದಕ್ಕೆ ಪಾಲಿಶ್ ಕೂಡ ಮಾಡಿಸಿಕೊಟ್ಟೆ.