ಸಾಕು ಎನ್ನುವುದನ್ನು ಕಲಿತ ಬಗೆ

ಸಂತೃಪ್ತಿ ದೇವರು ಕೊಟ್ಟರೆ ಬರುತ್ತದೆ, ನೋಟುಪುಸ್ತಕದಲ್ಲಿ ಗೆರೆ ಎಳೆದರೆ ಬರುತ್ತದೆಯೇ ಎಂದು ನಮ್ಮ ಚರ್ಚಿನ ಸಭೆಯಲ್ಲಿ ಹೆಚ್ಚಿನವರು ಕೇಳಿದ್ದರು. ಓದು, ಪ್ರಾರ್ಥನೆ, ಮನೆಖರ್ಚಿನ ಲೆಕ್ಕ ಸೇರಿಸಿ ಸಂತೃಪ್ತಿ ಕಲಿಯಲು ನಾನು ಮಾಡಿಕೊಂಡ ಕ್ರಮಕ್ಕೆ ಈಗ ಆರನೇ ವರ್ಷ ನಡೆಯುತ್ತಿದೆ. ಸಂಬಳ ತಡವಾದ ತಿಂಗಳಲ್ಲೂ ಆಸ್ಪತ್ರೆಯ ಬಿಲ್ಲು ಬಂದ ತಿಂಗಳಲ್ಲೂ ಒಳಗಿನ ನೆಲ ಕದಲಿಲ್ಲ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಸತ್ಯವೇದ ಓದುವ, ಕುಟುಂಬ ಪ್ರಾರ್ಥನೆ ಇಟ್ಟುಕೊಂಡಿರುವ, ಕಾಣಿಕೆ ಕೊಡುವ ರೂಢಿ ಇರುವವರಿಗಾಗಿ ಇದು. ರಕ್ಷಣೆ ಎಂದರೇನು, ಕೃಪೆ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ.

ಹಿಡಿದ ಎಳೆ ಸತ್ಯವೇದದ ಫಿಲಿಪ್ಪಿ 4:11. ಇದ್ದ ಸ್ಥಿತಿಯಲ್ಲೇ ಸಂತುಷ್ಟನಾಗಿರುವುದನ್ನು ಕಲಿತಿದ್ದೇನೆ ಎನ್ನುತ್ತಾನೆ ಅಪೊಸ್ತಲ ಪೌಲ. ಸೆರೆಯಲ್ಲಿ ಕೂತು, ಫಿಲಿಪ್ಪಿಯ ಸಭೆ ಎಪಫ್ರೊದೀತನ ಕೈಯಲ್ಲಿ ಕಳಿಸಿದ ಸಹಾಯಕ್ಕೆ ಉತ್ತರವಾಗಿ ಬರೆದ ಮಾತು ಅದು. ಕಲಿತ ಶಾಲೆ ಯಾವುದು ಎಂಬುದು 2 ಕೊರಿಂಥ 11ರಲ್ಲಿದೆ: ಐದು ಸಲ ಮೂವತ್ತೊಂಬತ್ತು ಏಟು, ಮೂರು ಸಲ ಕೋಲಿನ ಪೆಟ್ಟು, ಮೂರು ಸಲ ಒಡೆದ ಹಡಗು, ಹಸಿವು, ಚಳಿ. ಮಕ್ಕಳ ಪರೀಕ್ಷೆಗೆ, ಹೊಸ ವ್ಯಾಪಾರಕ್ಕೆ ನಾವು ಎತ್ತಿ ಹೇಳುವ, ಬಲಪಡಿಸುವಾತನಿಂದ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ 4:13ನೇ ವಚನವೂ ಅದರ ಹಿಂದಿನ ಸಾಲಿನಲ್ಲಿರುವ ಹಸಿವು, ತೃಪ್ತಿ, ಸಮೃದ್ಧಿ, ಕೊರತೆಗಳಿಗೆ ಸೇರಿದ್ದು. ಕಲಿಯುವ ವಿದ್ಯೆ ಎಂದಾದರೆ ಅದಕ್ಕೆ ಪಾಠ ಬೇಕು, ಅಭ್ಯಾಸ ಬೇಕು, ತಪ್ಪು ತಿದ್ದುವವರೂ ಬೇಕು. ನನ್ನ ಇಡೀ ಕ್ರಮ ಈ ಒಂದು ಕ್ರಿಯಾಪದದ ಮೇಲೆ ನಿಂತಿದೆ.

ಮೊದಲು ಕೆಟ್ಟುಹೋದವುಗಳನ್ನು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಈಗಲೂ ಅಲ್ಲೇ ನಿಂತಿದ್ದಾರೆ.

ವರ್ಷಕ್ಕೊಮ್ಮೆ ಸತ್ಯವೇದ ಮುಗಿಸುವ ಯೋಜನೆ ಮೂರು ಸಲ ಬಿತ್ತು. ಒಟ್ಟು 1189 ಅಧ್ಯಾಯ, ದಿನಕ್ಕೆ ಮೂರು ಚಿಲ್ಲರೆ. ಜನವರಿ ಮೂರನೇ ವಾರ ಕಳೆಯುವಷ್ಟರಲ್ಲಿ ವಿಮೋಚನಕಾಂಡ 25 ಬರುತ್ತದೆ. ಗುಡಾರದ ಹಲಗೆ, ಕೊಂಡಿ, ಪರದೆಗಳ ಅಳತೆ. ತಿಂಗಳ ಕೊನೆಗೆ ಯಾಜಕಕಾಂಡ. ಅಲ್ಲಿಗೆ ಓದು ನಿಲ್ಲುತ್ತದೆ, ನಿಂತದ್ದಕ್ಕೆ ತಪ್ಪಿತಸ್ಥ ಭಾವ ಸೇರುತ್ತದೆ. ತೃಪ್ತಿ ಹುಡುಕಲು ಹೋದವನಿಗೆ ಇನ್ನೊಂದು ಬಾಕಿ ಸಾಲ ಸಿಕ್ಕಂತೆ.

ಎರಡನೆಯದು ಬೆಳಗಿನ ನಾಲ್ಕು ಗಂಟೆಯ ಪ್ರಾರ್ಥನೆ, ಒಂದು ತಾಸು. ಹನ್ನೊಂದೋ ಹನ್ನೆರಡೋ ದಿನ ನಡೆಯಿತು. ನಿದ್ದೆಗೆಟ್ಟವನಿಗೆ ಮಧ್ಯಾಹ್ನ ಸಿಡುಕು ಹೆಚ್ಚುತ್ತದೆ, ಭಾನುವಾರ ಪ್ರಸಂಗದ ಹೊತ್ತಿಗೆ ತೂಕಡಿಕೆ ಬರುತ್ತದೆ.

ಮೂರನೆಯದು ದುಡ್ಡು ತಿಂದದ್ದು. ‘ಬೀಜ ಕಾಣಿಕೆ’ ಎಂದು ಕೊಟ್ಟರೆ ನೂರ್ಮಡಿ ತಿರುಗಿ ಬರುತ್ತದೆ ಎಂಬ ಮಾತು ನಂಬಿ ಎರಡು ವರ್ಷದಲ್ಲಿ ಹೆಚ್ಚುಕಡಿಮೆ 40 ಸಾವಿರ ಹೋಯಿತು. ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಕೊಟ್ಟ ದಿನದಿಂದಲೇ ಮನಸ್ಸು ಬಾಗಿಲ ಕಡೆ ನೋಡುತ್ತಾ ಕೂರುತ್ತದೆ, ಕೊಡುವುದೇ ಕಾಯುವ ಕೆಲಸವಾಗುತ್ತದೆ. ದೇವರು ನಿಮ್ಮ ಕೊರತೆಯನ್ನೆಲ್ಲ ನೀಗಿಸುವನು ಎಂಬ ಫಿಲಿಪ್ಪಿ 4:19ನ್ನು ಇದಕ್ಕೆ ಆಧಾರ ಮಾಡುತ್ತಾರೆ, ಆದರೆ ಅದು ತಮ್ಮ ಕೊರತೆಯ ನಡುವೆ ಲೆಕ್ಕ ನೋಡದೆ ಕೊಟ್ಟಿದ್ದ ಜನರಿಗೆ ಹೇಳಿದ ಸಮಾಧಾನ. ಮುಂಗಡ ಹೂಡಿಕೆಯ ಕರಾರು ಅಲ್ಲಿಲ್ಲ.

ಈಗ ನಡೆಯುತ್ತಿರುವ ಕ್ರಮ.

ಬೆಳಿಗ್ಗೆ 5:15ಕ್ಕೆ 25 ನಿಮಿಷ. ಮೇಜಿನ ಗಡಿಯಾರ ಬೇಕು, 300 ರೂಪಾಯಿಯದ್ದು ಸಾಕು. ಫೋನಿನ ಅಲಾರಂ ಇಡಬೇಡಿ. ಅಲಾರಂ ನಿಲ್ಲಿಸುವ ಬೆರಳು ವಾಟ್ಸಾಪ್ ತೆರೆಯುತ್ತದೆ, ಊರಿನವರ ಗೃಹಪ್ರವೇಶದ ಫೋಟೋ ನೋಡಿದ ಮೇಲೆ ಕೀರ್ತನೆ ಓದಿದರೆ ಅರ್ಧ ಕಿವಿ ಅಲ್ಲೇ ಉಳಿದಿರುತ್ತದೆ. ಮೊದಲು ಕೀರ್ತನೆಗಳು, ದಿನಕ್ಕೆ ಐದು, 30ರ ಅಂತರದಲ್ಲಿ: ಒಂದನೇ ತಾರೀಖಿಗೆ 1, 31, 61, 91, 121. ಎರಡಕ್ಕೆ 2, 32, 62, 92, 122. ತಿಂಗಳಿಗೆ 150 ಮುಗಿಯುತ್ತದೆ. ತಾರೀಖೇ ಗುರುತು, ಪಟ್ಟಿ ಬೇಡ. ತಪ್ಪಿದ ದಿನವನ್ನು ತುಂಬಿಸಬೇಡಿ, ಆ ದಿನದ ತಾರೀಖಿಗೆ ಹೋಗಿ. ಬಾಕಿ ಉಳಿಯದ ಓದು ಎಂಬುದೇ ಇದರ ಗುಣ. ಮುಗ್ಗರಿಸುವುದು 29ನೇ ತಾರೀಖಿಗೆ: 89ರಲ್ಲಿ 52 ವಚನ, 119ರಲ್ಲಿ 176. ಅದಕ್ಕೆ 119ನ್ನು ಪೂರ್ತಿ ತೆಗೆದು 31ಕ್ಕೆ ಹಾಕಿದೆ. 31 ಇಲ್ಲದ ತಿಂಗಳಲ್ಲಿ ಅದರ 22 ಭಾಗಗಳನ್ನು, ಒಂದೊಂದರಲ್ಲಿ ಎಂಟು ವಚನ, ರಾತ್ರಿ ಮಲಗುವ ಮೊದಲು ಒಂದೊಂದಾಗಿ ಓದಿ 22 ದಿನದಲ್ಲಿ ಮುಗಿಸುವುದು. ಆಂಗ್ಲಿಕನ್ನರ 1662ರ ಪ್ರಾರ್ಥನಾ ಪುಸ್ತಕದಲ್ಲೂ ತಿಂಗಳಿಗೊಮ್ಮೆ ಕೀರ್ತನೆ ಮುಗಿಸುವ ಹಂಚಿಕೆ ಇದೆ. ಅದು ಸಾಲಾಗಿ ಬೆಳಿಗ್ಗೆ ಸಂಜೆ ಓದುವುದು. ನನಗೆ ಜಿಗಿದು ಓದುವುದೇ ಹಿಡಿಸಿತು, ಏಕೆಂದರೆ ಹೀಗೆ ಓದಿದರೆ ಅಳುವ ಕೀರ್ತನೆಯೂ ಹೊಗಳುವ ಕೀರ್ತನೆಯೂ ಒಂದೇ ಬೆಳಿಗ್ಗೆ ಪಕ್ಕಪಕ್ಕ ಬರುತ್ತವೆ.

ಆಮೇಲೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ಒಂದೊಂದು ಬೇಡಿಕೆಗೆ ಎರಡು ನಿಮಿಷ, ಆರಕ್ಕೆ ಹನ್ನೆರಡು. ರೊಟ್ಟಿ ಬರುವುದು ನಾಲ್ಕನೆಯದಾಗಿ ಎಂಬುದನ್ನು ಗಮನಿಸಿ. ನಾಮ, ರಾಜ್ಯ, ಚಿತ್ತ, ಆಮೇಲೆ ಅನ್ನ. ನಾವು ಸಾಮಾನ್ಯವಾಗಿ ಅನ್ನದಿಂದಲೇ ಶುರು ಮಾಡಿ, ಹೊತ್ತಾದರೆ ಅಲ್ಲಿಗೇ ಆಮೆನ್ ಹೇಳುತ್ತೇವೆ. ಅನ್ನಕ್ಕೆ ಮೊದಲಿನ ಆರು ನಿಮಿಷ ದಾಟಿದ ಮೇಲೆ ನನ್ನ ಬೇಡಿಕೆಪಟ್ಟಿ ಎಷ್ಟೋ ದಿನ ಅರ್ಧಕ್ಕೆ ಇಳಿಯುತ್ತದೆ. ಐದನೆಯದು ಕ್ಷಮೆ. ಅದನ್ನು ಹಾರಿಸಿದರೆ ಉಳಿದೆಲ್ಲ ಸೋರುತ್ತದೆ. ಒಬ್ಬರ ಮೇಲಿನ ಹಳೇ ಸಿಟ್ಟು ಮುಚ್ಚಿಟ್ಟುಕೊಂಡು ತೃಪ್ತಿ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಆ ಎರಡು ನಿಮಿಷದಲ್ಲಿ ನಾನು ಮಾಡುವ ಒಂದು ಕೆಲಸವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅವರವರ ಸಿಟ್ಟಿಗೆ ಅವರವರೇ ಕಂಡುಕೊಳ್ಳಬೇಕು.

ರಾತ್ರಿ ಸ್ತೋತ್ರದ ಪುಸ್ತಕ, ಅಂದರೆ ದಿನದ ಒಳಿತಿಗೆ ದೇವರಿಗೆ ವಂದನೆ ಬರೆಯುವ ನೋಟುಪುಸ್ತಕ. ದಿನಕ್ಕೆ ಮೂರು ಸಾಲು ಬರೆಯುವುದು ಎಲ್ಲರಿಗೂ ಗೊತ್ತು, ಸುಮಾರು 40 ದಿನಕ್ಕೆ ಅದು ಸಾಯುವುದೂ ಗೊತ್ತು: ಆರೋಗ್ಯ, ಕುಟುಂಬ, ಆಹಾರ, ಮರುದಿನವೂ ಅದೇ. ಎರಡು ತಿದ್ದುಪಡಿಯಿಂದ ಅದು ಬದುಕಿತು. ಒಂದು, ಪ್ರತಿ ಸಾಲಿನಲ್ಲಿ ಆ ಒಳಿತು ಯಾರ ಕೈಯಿಂದ ಬಂತು, ಎಷ್ಟು ಬಂತು ಎಂದಿರಬೇಕು. ‘ಆಹಾರ’ ಎಂದು ಬರೆದರೆ ಲೆಕ್ಕಕ್ಕಿಲ್ಲ. ‘ಪಕ್ಕದ ಮನೆಯಿಂದ ಒಂದು ಪಾತ್ರೆ ಹಲಸಿನ ಹುಳಿ, ಎರಡು ಹೊತ್ತಿಗಾಯಿತು’ ಎಂದರೆ ಲೆಕ್ಕ. ಶನಿವಾರ ಆ ವಾರದವರಲ್ಲಿ ಒಬ್ಬರಿಗೆ ಬಾಯಿಬಿಟ್ಟು ವಂದನೆ ಹೇಳಬೇಕು. ಎರಡು, ನಾಲ್ಕನೇ ಸಾಲು ಕೊರತೆಗೆ ಮೀಸಲು. ಇಲ್ಲದ್ದನ್ನು ಇಲ್ಲ ಎಂದೇ ಬರೆಯುವುದು. ಇದಕ್ಕೆ ವಿರೋಧ ಬಂತು, ಗೊಣಗಾಟಕ್ಕೆ ಜಾಗ ಕೊಟ್ಟಂತೆ ಎಂದರು. ಆದರೆ ಕೀರ್ತನೆಗಳಲ್ಲೇ ಮೊರೆ ಎಷ್ಟೊಂದಿದೆ! ಕೊರತೆಯನ್ನು ದೇವರ ಮುಂದೆ ಬರೆಯದವನು ಅದನ್ನು ಮಧ್ಯಾಹ್ನ ಹೆಂಡತಿ ಮಕ್ಕಳ ಮುಂದೆ ಬೇರೆ ದನಿಯಲ್ಲಿ ಹೇಳುತ್ತಾನೆ.

ಇನ್ನು ದುಡ್ಡು. ಇಲ್ಲಿ ಕೈ ಇಡದ ಸಂತೃಪ್ತಿ ತಿಂಗಳ 20ನೇ ತಾರೀಖಿಗೆ ಮುಗಿಯುತ್ತದೆ.

1 ತಿಮೊಥೆಯ 6:8 ಅನ್ನ ಬಟ್ಟೆ ಇದ್ದರೆ ಸಾಕು ಎನ್ನುತ್ತದೆ. ಅದನ್ನು ಹಾಳೆಯ ಮೇಲೆ ತಂದೆ: ಮನೆಗೆ ತಿಂಗಳಿಗೆ ಬೇಕಾದದ್ದೆಲ್ಲ ಬರೆದು ಕೆಳಗೆ ಗೆರೆ, ಅದರ ಹೆಸರು ‘ಸಾಕು ಗೆರೆ’. ಮೊದಲ ಸಲ ಆವೇಶದಲ್ಲಿ 22 ಸಾವಿರಕ್ಕೆ ಎಳೆದೆ, ಜೂನ್‌ನಲ್ಲಿ ಶಾಲೆಯ ಫೀಸಿಗೆ ಮುರಿಯಿತು. ವರ್ಷಕ್ಕೊಮ್ಮೆ ಬರುವ ಖರ್ಚನ್ನು ಹನ್ನೆರಡರಿಂದ ಭಾಗಿಸಿ ಸೇರಿಸದಿದ್ದರೆ ಗೆರೆ ನಿಲ್ಲದು: ಫೀಸು, ವಿಮೆ, ಗಾಡಿ ರಿಪೇರಿ, ಮುಖ್ಯವಾಗಿ ಕ್ರಿಸ್ಮಸ್. ಬಟ್ಟೆ, ಕೇಕು, ಕುಸ್ವಾರ್ ಎಂಬ ಹಬ್ಬದ ತಿಂಡಿಗಳು, ನಕ್ಷತ್ರ, ನೆಂಟರು ಎಲ್ಲ ಸೇರಿ 14 ಸಾವಿರದ ಮೇಲೆ ಆಗುತ್ತದೆ. ತಿಂಗಳಿಗೆ 1,200 ತೆಗೆದಿಟ್ಟರೆ ಜನವರಿ ಸಾಲವಿಲ್ಲದೆ ಬರುತ್ತದೆ. ತಿದ್ದಿದ ಗೆರೆ 27 ಸಾವಿರದ ಹತ್ತಿರ ನಿಂತಿತು, ಆಗ ಕೈಗೆ ಬರುತ್ತಿದ್ದದ್ದು 36 ಚಿಲ್ಲರೆ. ದಶಮಾಂಶ, ಅಂದರೆ ಸಭೆಗೆ ಕೊಡುವ ಹತ್ತನೇ ಒಂದು ಪಾಲು, ಸಂಬಳ ಬಂದ ದಿನವೇ ಬೇರೆ ಲಕೋಟೆಗೆ. ಗೆರೆಯ ಮೇಲೆ ಉಳಿದದ್ದು ಮೊದಲು ಕೈಸಾಲಕ್ಕೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಲಕ್ಷಕ್ಕೆ ವರ್ಷಕ್ಕೆ 36 ಸಾವಿರ. ಅದು ಹೆಗಲ ಮೇಲಿರುವವರೆಗೆ ಯಾವ ಕೀರ್ತನೆಯೂ ಪೂರ್ತಿ ಒಳಗಿಳಿಯುವುದಿಲ್ಲ. ಸಾಲ ತಂದು ಕಾಣಿಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ, ಅದು ಬಡ್ಡಿಯವನ ದುಡ್ಡು. ಸಾಲ ತೀರಲು ಎರಡೂವರೆ ವರ್ಷ ಹಿಡಿಯಿತು. ತೀರಿದ ಮೇಲೆ ಗೆರೆ ಮೇಲಕ್ಕೇರಿಸುವ ಆಸೆ ಬರುತ್ತದೆ. ಬೆಲೆ ಏರಿದಷ್ಟೇ ಏರಿಸಿ, ಸಂಬಳ ಏರಿದಷ್ಟಲ್ಲ. ಕ್ರಮದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಇದೇ, ಫಲ ಹೆಚ್ಚು ಬಂದದ್ದೂ ಇಲ್ಲಿಂದಲೇ.

ಗೆರೆ ಕಾಯಲು ಮೂವರ ಗುಂಪು ಬೇಕು. ಹದಿನೈದು ದಿನಕ್ಕೊಮ್ಮೆ ಒಂದು ತಾಸು, ಲೆಕ್ಕದ ಪುಸ್ತಕ ತೆರೆದಿಟ್ಟು ಮಾತು, ಕೊನೆಗೆ ಜ್ಞಾನೋಕ್ತಿ 30:8-9ರಲ್ಲಿರುವ ಆಗೂರ ಎಂಬಾತನ ಪ್ರಾರ್ಥನೆ: ಬಡತನವೂ ಬೇಡ, ಐಶ್ವರ್ಯವೂ ಬೇಡ, ತಕ್ಕಷ್ಟು ಅನ್ನ ಕೊಡು. ನಿಯಮ ಎರಡೇ. ಮೂವರೊಳಗೆ ಕೈಸಾಲ ಇಲ್ಲ, ಕೇಳಿದ್ದು ಹೊರಗೆ ಹೋಗುವುದಿಲ್ಲ. ನೆಂಟರು ಬೇಡ. ನಾಲ್ಕನೆಯವರು ಸೇರಿದರೆ ಅದು ಕೂಟವಾಗುತ್ತದೆ, ಹಾಡು ಶುರುವಾಗುತ್ತದೆ, ಲೆಕ್ಕ ಮುಚ್ಚಿಕೊಳ್ಳುತ್ತದೆ.

ಹೊಟ್ಟೆಕಿಚ್ಚು ಹುಟ್ಟುವ ಜಾಗಗಳನ್ನೂ ಗುರುತಿಸಿಕೊಳ್ಳಬೇಕು. ಮದುವೆ ಮನೆ, ಗಲ್ಫ್‌ನಿಂದ ರಜೆಗೆ ಬಂದವರ ಬೈಠಕ್ಕು ಎಲ್ಲರಿಗೂ ಗೊತ್ತಿರುವವು. ಸಭೆಯೂ ಅಂಥದ್ದೇ ಜಾಗ ಎಂದು ಹೇಳಲು ಹಿಂಜರಿಯುತ್ತೇವೆ. ಬೆಳೆ ಹಬ್ಬದ ಏಲಂ ನೋಡಿ, ಒಂದು ತೆಂಗಿನಕಾಯಿ, ಒಂದು ಸಿಹಿಗುಂಬಳ ಸಾವಿರ ದಾಟುತ್ತದೆ; ಆ ಸಾವಿರದಲ್ಲಿ ದೇವರಿಗೆ ಎಷ್ಟು, ಪಕ್ಕದ ಸಾಲಿನವರಿಗೆ ಎಷ್ಟು ಎಂದು ಕೇಳಿಕೊಂಡವರು ಕಡಿಮೆ. ಮೊತ್ತವನ್ನು ಮನೆಯಲ್ಲೇ ಲಕೋಟೆಗೆ ಹಾಕಿ ಹೋಗಿ, ಅದು ಮುಗಿದ ಮೇಲೆ ಕೈ ಎತ್ತಬೇಡಿ. ಕೀರ್ತನೆ 73ರಲ್ಲಿ ಕೀರ್ತನೆಕಾರ ಆಸಾಫನ ಹೊಟ್ಟೆಕಿಚ್ಚು ಇಳಿಯುವುದು 17ನೇ ವಚನದಲ್ಲಿ, ದೇವಾಲಯದೊಳಗೆ ಹೋದ ಮೇಲೆ. ಆ ಒಳಗೇ ಕಿಚ್ಚು ಹಚ್ಚುವ ಕೆಲಸ ನಮ್ಮಿಂದಾಗಬಾರದು.

ಬದಿಗೆ ಮಾಡಿದ ಪ್ರಯೋಗಗಳಲ್ಲಿ ಒಂದೆರಡು. ಈಸ್ಟರಿಗೆ ಮುಂಚಿನ ಶ್ರಮಕಾಲದ 40 ದಿನ ಕಾಫಿಗೆ ಸಕ್ಕರೆ ಬಿಟ್ಟದ್ದು ಏನೂ ಮಾಡಲಿಲ್ಲ, ನಾಲಿಗೆ ಒಗ್ಗಿಕೊಂಡಿತು ಅಷ್ಟೆ. ಅದೇ 40 ದಿನ ಯಾವುದರ ಬೆಲೆಯನ್ನೂ ಯಾರಲ್ಲೂ ಕೇಳಬಾರದು ಎಂದು ಮಾಡಿದ್ದು, ಅವರ ಕಾರು, ಸೀರೆ, ಸೈಟು ಯಾವುದರದ್ದೂ, ಬಹಳ ಕೆಲಸ ಮಾಡಿತು. ಇನ್ನೊಂದು, ಬೆಳೆ ಕೈಕೊಟ್ಟರೂ ಕರ್ತನಲ್ಲಿ ಉಲ್ಲಾಸಿಸುವೆನು ಎನ್ನುವ ಹಬಕ್ಕೂಕ 3:17-18ನ್ನು ಅವರವರ ಕಸುಬಿನ ಮಾತಿನಲ್ಲಿ ಬರೆಯುವುದು. ಅಂಜೂರ, ದ್ರಾಕ್ಷಿ, ಎಣ್ಣೆಮರ ನಮ್ಮ ಹೊಟ್ಟೆಗೆ ತಾಗುವುದಿಲ್ಲ. ಬೋರ್ಡೋ ಔಷಧಿ ಹೊಡೆದ ಮೇಲೂ ಅಡಿಕೆಗೆ ಕೊಳೆ ಬಂದರೂ, ಕಾಳುಮೆಣಸಿನ ಬಳ್ಳಿ ಸೊರಗಿದರೂ, ಹಟ್ಟಿಯಲ್ಲಿ ಹಸು ಬತ್ತಿದರೂ ಎಂದು ಬರೆದು ನೋಡಿ. ಮುಂದಿನ ಸಾಲಿನ ‘ಆದರೂ ಉಲ್ಲಾಸಿಸುವೆನು’ ಎಂಬುದನ್ನು ಬರೆಯುವಾಗ ಪೆನ್ನು ನಿಲ್ಲುತ್ತದೆ. ನಿಲ್ಲಲಿ. ನಾನು ಆ ಸಾಲು ಬರೆಯಲು ನಾಲ್ಕು ದಿನ ತೆಗೆದುಕೊಂಡೆ.

ಎರಡು ಎಚ್ಚರ. ಮೂರ್ನಾಲ್ಕು ವಾರ ನಿದ್ದೆ ಇಲ್ಲ, ಊಟ ರುಚಿಸುವುದಿಲ್ಲ, ಬದುಕೇ ಬೇಡ ಅನಿಸುತ್ತದೆ ಎಂದರೆ ಅದು ತೃಪ್ತಿಯ ಕೊರತೆಯಲ್ಲ, ಡಾಕ್ಟರರ ಹತ್ತಿರ ಹೋಗಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬಾರದು. ಜಾಲಿಗಿಡದ ಕೆಳಗೆ ಸಾವು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ನಿದ್ದೆ, ಬಿಸಿ ರೊಟ್ಟಿ, ನೀರು, ಮತ್ತೆ ನಿದ್ದೆ. ಇನ್ನೊಂದು, ಸಂತೃಪ್ತಿಯ ಹೆಸರಲ್ಲಿ ಬಾಕಿ ಸಂಬಳ ಕೇಳದೆ ಕೂರಬೇಡಿ. ಹಿಡಿದಿಟ್ಟ ಕೂಲಿ ಕೂಗುತ್ತದೆ ಎಂದು ಯಾಕೋಬ 5:4ರಲ್ಲೇ ಇದೆ. ಕೂಲಿ ಕೇಳಿದವನಿಗೆ ಫಿಲಿಪ್ಪಿ 4:11 ಓದಿ ಹೇಳುವ ಯಜಮಾನ ಆ ವಚನಕ್ಕೆ ಅವಮಾನ ಮಾಡುತ್ತಾನೆ.

ಈಗ ನಡೆಯುತ್ತಿರುವುದು ಹಿಡಿ ಅಕ್ಕಿ. ಮಿಜೋರಾಮಿನ ಸಭೆಗಳಲ್ಲಿ 1910ರಿಂದ ಇದೆ, ಹೆಂಗಸರು ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಸಭೆಯ ಕೆಲಸಕ್ಕೆಂದು ಬೇರೆ ತೆಗೆದಿಡುವುದು. ನಮ್ಮಲ್ಲಿ ಒಂದು ಹಿಡಿ 45 ಗ್ರಾಂ ತೂಗಿತು, ಎರಡು ಹೊತ್ತಿಗೆ ತಿಂಗಳಿಗೆ ಎರಡೂಮುಕ್ಕಾಲು ಕಿಲೋ ಹತ್ತಿರ. ಸಾಕು ಗೆರೆಯೊಳಗಿನಿಂದಲೇ ಕೊಡುವ ಅಭ್ಯಾಸ ಇದರಿಂದ ಬರುತ್ತದೆ, ಮಿಕ್ಕದ್ದರಿಂದ ಕೊಡುವುದು ಬೇರೆ. ಮೊದಲ ಮಳೆಗಾಲದಲ್ಲಿ ಮೂರು ತಿಂಗಳದ್ದು ಕೂಡಿಟ್ಟು ಒಟ್ಟಿಗೆ ಕೊಡೋಣ ಎಂದುಕೊಂಡದ್ದು ತಪ್ಪಾಯಿತು. ಕುಚ್ಚಲಕ್ಕಿಗೆ ಹುಳ ಬಿತ್ತು. ವಿಮೋಚನಕಾಂಡ 16ರಲ್ಲಿ ತಲೆಗೊಂದು ಓಮೆರ್, ಅಂದರೆ ಸುಮಾರು ಎರಡು ಲೀಟರು ಮನ್ನ, ಅರಣ್ಯದಲ್ಲಿ ದೇವರು ದಿನದಿನಕ್ಕೆ ಕೊಟ್ಟ ಆಹಾರ; ಮರುದಿನಕ್ಕೆ ಉಳಿಸಿಕೊಂಡವರದ್ದಕ್ಕೂ ಹುಳವೇ ಬಿದ್ದಿತ್ತು. ಈಗ ಡಬ್ಬಿಗೆ ನಾಲ್ಕು ಒಣಮೆಣಸು ಹಾಕಿಡುತ್ತೇವೆ, ಶನಿವಾರ ಶನಿವಾರ ಖಾಲಿ ಮಾಡುತ್ತೇವೆ.